ಪ್ಯಾಚ್ ಹಾಕಿದ್ದಾಯಿತು, ತೂತು ಮುಚ್ಚಿತೇ?

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ತೂತಿನ, ಅಂದರೆ ಸಾಫ್ಟ್‌ವೇರ್‌ನ ಭದ್ರತಾ ದೋಷದ ಬಗ್ಗೆ ಮಾತಾಡುತ್ತೇನೆ. ಇಂಥ ದೋಷಗಳಿಗೆ ಕೊಡುವ ಗುರುತಿನ ನಂಬರ್‌ಗೆ ಸಿವಿಇ ಎನ್ನುತ್ತಾರೆ, ಇದರದ್ದು ಸಿವಿಇ-2024-6387. ‘ರಿಗ್ರೆಷನ್’ ಎಂಬ ಅಡ್ಡಹೆಸರು ಹೇಳಿದರೆ ನಿಮ್ಮಲ್ಲಿ ಹಲವರಿಗೆ ನೆನಪಾಗಬಹುದು. 2024ರ ಜುಲೈ 1ರಂದು ಕ್ವಾಲಿಸ್ ಕಂಪನಿಯ ಸಂಶೋಧಕರು ಇದನ್ನು ಬಯಲು ಮಾಡಿದರು. ತೂತು ಇದ್ದದ್ದು ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಭಾಗದಲ್ಲಿ, ಅಂದರೆ ಎಸ್‌ಎಸ್‌ಎಚ್‌ಡಿಯಲ್ಲಿ. ದೂರದಲ್ಲಿ ಕೂತು ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗುವ ನಮಗೆಲ್ಲ ಅದೇ ಹೆಬ್ಬಾಗಿಲು. ಇಂಟರ್ನೆಟ್‌ಗೆ ತೆರೆದುಕೊಂಡ ಯಂತ್ರಗಳನ್ನು ಹುಡುಕಿಕೊಡುವ ಸೆನ್ಸಿಸ್ ಮತ್ತು ಶೋಡಾನ್ ತಾಣಗಳಲ್ಲಿ ನೋಡಿ, ತೊಂದರೆಗೆ ಸಿಕ್ಕಬಹುದಾದ ಸರ್ವರ್‌ಗಳು 1 ಕೋಟಿ 40 ಲಕ್ಷಕ್ಕೂ ಜಾಸ್ತಿ ಇರಬಹುದು ಎಂದು ಅವರು ಅಂದಾಜು ಮಾಡಿದ್ದರು.

ಭಯ ಹುಟ್ಟಿಸಿದ್ದು ಆ ಸಂಖ್ಯೆ ಮಾತ್ರ ಅಲ್ಲ. ದಾಳಿ ನಡೆಯುವುದು ಲಾಗಿನ್‌ಗೆ ಮೊದಲು. ‘ನಾವು ಪಾಸ್‌ವರ್ಡ್ ಆಫ್ ಮಾಡಿ ಕೀ ಮಾತ್ರ ಇಟ್ಟಿದ್ದೇವೆ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೀ ಕೇಳುವ ಹಂತದಲ್ಲೇ ಆಟ ಮುಗಿದಿರುತ್ತದೆ. ಗೆದ್ದವನಿಗೆ ಸಿಗುವುದು ನೇರ ರೂಟ್, ಅಂದರೆ ಇಡೀ ಯಂತ್ರದ ಮೇಲೆ ಪೂರ್ತಿ ಅಧಿಕಾರ.

ಇದು ನಡೆಯುವುದು ಹೇಗೆ? ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಸ್ವಾರಸ್ಯ ಇರುವುದೇ ಇಲ್ಲಿ.

ನೀವು ಎಸ್‌ಎಸ್‌ಎಚ್‌ಡಿಗೆ ಕನೆಕ್ಟ್ ಆಗಿ ಸುಮ್ನೆ ಕೂತರೆ ಅದು ಎಷ್ಟು ಹೊತ್ತು ಕಾಯಬೇಕು? ಅದನ್ನು ಹೇಳುವುದು ಲಾಗಿನ್‌ಗ್ರೇಸ್‌ಟೈಮ್ ಎಂಬ ಸೆಟ್ಟಿಂಗ್. ನಾವು ಏನೂ ಮುಟ್ಟದಿದ್ದರೆ ಅದು 120 ಸೆಕೆಂಡ್. ಅಷ್ಟರೊಳಗೆ ಲಾಗಿನ್ ಆಗದಿದ್ದರೆ ಕರ್ನಲ್ ಒಂದು ಅಲಾರಂ ಸಿಗ್ನಲ್ ಕಳಿಸುತ್ತದೆ. ಎಸ್‌ಎಸ್‌ಎಚ್‌ಡಿ ಯಾವ ಕೆಲಸದಲ್ಲಿದ್ದರೂ ಅದನ್ನು ಅಲ್ಲಲ್ಲೇ ಬಿಟ್ಟು ಸಿಗ್ನಲ್ ಹ್ಯಾಂಡ್ಲರ್‌ಗೆ, ಅಂದರೆ ಸಿಗ್ನಲ್ ಬಂದಾಗ ಓಡಬೇಕಾದ ಕೋಡ್‌ಗೆ ಜಿಗಿಯುತ್ತದೆ. ಆ ಹ್ಯಾಂಡ್ಲರ್ ‘ಟೈಮ್ ಮುಗೀತು’ ಎಂದು ಲಾಗ್‌ನಲ್ಲಿ ಬರೆಯಲು ಸಿಸ್‌ಲಾಗ್ ಫಂಕ್ಷನ್ ಕರೆಯುತ್ತದೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಸಿಸ್‌ಲಾಗ್ ಒಳಗೊಳಗೇ ಮೆಮೊರಿ ಕೇಳುತ್ತದೆ, ಅಂದರೆ ಮ್ಯಾಲಕ್ ಕರೆಯುತ್ತದೆ.

ಈಗ ಊಹಿಸಿ: ಅಲಾರಂ ಹೊಡೆದ ಆ ಕ್ಷಣದಲ್ಲಿ ಎಸ್‌ಎಸ್‌ಎಚ್‌ಡಿ ಮ್ಯಾಲಕ್ ಒಳಗೇ ಇತ್ತು. ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದಾಗಿದೆ, ಖರ್ಚು ಇನ್ನೂ ಬರೆದಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು, ಬೇರೊಬ್ಬ ಬಂದು ಅದೇ ಪುಟದಲ್ಲಿ ಬರೆಯಲು ಶುರು ಮಾಡಿದ. ಹೀಪ್, ಅಂದರೆ ಮ್ಯಾಲಕ್ ಹಂಚುವ ಮೆಮೊರಿಯ ಲೆಕ್ಕ ಕೆಡುವುದು ಹೀಗೆ. ಸಾಮಾನ್ಯವಾಗಿ ಆ ಪ್ರೋಸೆಸ್ ಸುಮ್ನೆ ಕ್ರ್ಯಾಶ್ ಆಗುತ್ತದೆ, ಅಷ್ಟೇ. ಆದರೆ ಲೆಕ್ಕ ಹೇಗೆ ಕೆಡಬೇಕು ಎಂಬುದನ್ನು ದಾಳಿಕೋರನೇ ಜೋಡಿಸಿಟ್ಟರೆ, ತನ್ನ ಕೋಡನ್ನೇ ಅಲ್ಲಿ ಓಡಿಸಬಹುದು.

ಇದು ಸಮಯದ ಪಂದ್ಯ. ಕ್ವಾಲಿಸ್ ಲೆಕ್ಕದಲ್ಲಿ ಸರಾಸರಿ 10,000 ಸಲ ಪ್ರಯತ್ನಿಸಿದರೆ ಒಮ್ಮೆ ಗೆಲುವು. ಒಂದು ಸಲಕ್ಕೆ 100 ಸಂಪರ್ಕ, ಪ್ರತಿ ಸುತ್ತಿಗೆ 120 ಸೆಕೆಂಡ್ ಎಂದರೆ ಮೂರರಿಂದ ನಾಲ್ಕು ಗಂಟೆ. ಜಿಲಿಬ್‌ಸಿ ಮೆಮೊರಿಯಲ್ಲಿ ಎಲ್ಲಿ ಕೂತಿದೆ ಎಂಬ ಊಹೆ ಅರ್ಧಕ್ಕರ್ಧ ತಪ್ಪುವುದರಿಂದ ರೂಟ್ ಶೆಲ್ ಸಿಗಲು ಆರರಿಂದ ಎಂಟು ಗಂಟೆ. ಇದನ್ನು ಅವರು ತೋರಿಸಿದ್ದು 32 ಬಿಟ್ ಯಂತ್ರದ ಮೇಲೆ. 64 ಬಿಟ್‌ನಲ್ಲಿ ಸಾಧ್ಯ ಎಂದು ನಂಬಿದ್ದರು, ಮಾಡಿ ತೋರಿಸಲಿಲ್ಲ. ಇದರಿಂದ ಕೆಲವರು ‘ಅಯ್ಯೋ, ಸುಮ್ನೆ ಗಲಾಟೆ’ ಎಂದರು. ನನಗೆ ಅದು ಒಪ್ಪಿಗೆಯಿಲ್ಲ. ರಾತ್ರಿಯಿಡೀ ನಿಮ್ಮ ಬಾಗಿಲು ತಟ್ಟಲು ಯಂತ್ರಕ್ಕೆ ಬೇಸರ ಇಲ್ಲ. ಲಾಗ್‌ನಲ್ಲಿ ‘ದೃಢೀಕರಣಕ್ಕೆ ಮೊದಲೇ ಟೈಮ್‌ಔಟ್’ ಎಂಬ ಸಾಲುಗಳು ಸಾವಿರಗಟ್ಟಲೆ ಕಂಡರೆ ಯಾರೋ ತಟ್ಟುತ್ತಿದ್ದಾರೆ ಎಂದೇ ಅನುಮಾನಿಸಬೇಕು.

ಇನ್ನು ಇತಿಹಾಸ. ಈ ತೂತು ಹೊಸದಲ್ಲ. 2006ರಲ್ಲಿ ಮಾರ್ಕ್ ಡೌಡ್ ಇದನ್ನೇ ಕಂಡುಹಿಡಿದಿದ್ದರು. ಆಗಿನ ನಂಬರ್ ಸಿವಿಇ-2006-5051. ಓಪನ್‌ಎಸ್‌ಎಸ್‌ಎಚ್ 4.4ಪಿ1ರಲ್ಲಿ ಸರಿಯಾಯಿತು. ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್ ತನ್ನ ಹಳೆಯ ಆವೃತ್ತಿಗೆ ಹಾಕಿಕೊಂಡ ಪ್ಯಾಚ್ ಪೂರ್ತಿ ಸರಿ ಇರಲಿಲ್ಲ, ಹಾಗಾಗಿ 2008ರಲ್ಲಿ ಅದಕ್ಕೇ ಇನ್ನೊಂದು ಸಿವಿಇ ಬಂತು. ಆಮೇಲೆ ವರ್ಷಗಟ್ಟಲೆ ನೆಮ್ಮದಿ. 2020ರ ಅಕ್ಟೋಬರ್‌ನಲ್ಲಿ ಲಾಗ್ ಬರೆಯುವ ಕೋಡನ್ನು ಮತ್ತೆ ಜೋಡಿಸುವಾಗ ಒಂದು ‘ಇಫ್‌ಡೆಫ್’ ಸಾಲು ಕಣ್ತಪ್ಪಿನಿಂದ ಬಿದ್ದುಹೋಯಿತು. ಹ್ಯಾಂಡ್ಲರ್ ಒಳಗೆ ಲಾಗ್ ಬರೆಯದಂತೆ ತಡೆದಿದ್ದು ಅದೇ ಸಾಲು. 2021ರ ಮಾರ್ಚ್‌ನಲ್ಲಿ ಬಂದ 8.5ಪಿ1ರಿಂದ 9.7ಪಿ1ರ ತನಕ ಬಾಗಿಲು ತೆರೆದೇ ಇತ್ತು. ಮುಚ್ಚಿದ್ದು 9.8ಪಿ1.

ತಮಾಷೆ ಏನೆಂದರೆ, ಓಪನ್‌ಎಸ್‌ಎಸ್‌ಎಚ್ ಹುಟ್ಟಿದ ಮನೆಯಾದ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂಗೆ ಏನೂ ಆಗಲಿಲ್ಲ. ಅವರು 2001ರಲ್ಲೇ ಸಿಗ್ನಲ್ ಹ್ಯಾಂಡ್ಲರ್ ಒಳಗಿಂದಲೂ ಕರೆಯಬಹುದಾದ ಬೇರೆ ಸಿಸ್‌ಲಾಗ್ ಬರೆದಿಟ್ಟುಕೊಂಡಿದ್ದರು. ಪೆಟ್ಟು ಬಿದ್ದದ್ದು ಜಿಲಿಬ್‌ಸಿ ಬಳಸುವ ಲಿನಕ್ಸ್‌ಗೆ.

ಸರಿ, ಪ್ಯಾಚ್‌ಗೆ ಬರೋಣ. ಅಪ್‌ಡೇಟ್ ಮಾಡುವ ಕಮಾಂಡ್ ಎಲ್ಲರಿಗೂ ಗೊತ್ತು, ಆ್ಯಪ್ಟ್ ಅಥವಾ ಡಿಎನ್‌ಎಫ್, ಒಂದು ಸಾಲು. ನಾನು ಹೇಳಬೇಕಾದ್ದು ಆ ಸಾಲು ಮುಗಿದ ಮೇಲಿನ ಕೆಲಸ. ಅಪ್‌ಡೇಟ್ ಆಯಿತು ಎಂದು ಪರದೆ ಹೇಳುವುದು ಒಂದು, ತೂತು ಮುಚ್ಚಿದೆ ಎಂದು ನೀವು ನೋಡಿ ತಿಳಿಯುವುದು ಇನ್ನೊಂದು.

ಮೊದಲ ಗೊಂದಲ ಆವೃತ್ತಿ ಸಂಖ್ಯೆಯದು. ಡೆಬಿಯನ್ 12ರಲ್ಲಿ ಪ್ಯಾಚ್ ಹಾಕಿದ ಮೇಲೂ ಅದು 9.2ಪಿ1 ಎಂದೇ ಹೇಳುತ್ತದೆ. ಉಬುಂಟು 22.04ರಲ್ಲಿ 8.9ಪಿ1 ಹಾಗೆಯೇ ಇರುತ್ತದೆ. ಯಾಕಂದರೆ ಇವರು ಹೊಸ ಆವೃತ್ತಿ ತರುವುದಿಲ್ಲ, ಆ ತೂತಿನ ರಿಪೇರಿಯನ್ನಷ್ಟೇ ಹಳೆಯ ಆವೃತ್ತಿಗೆ ಹೊಲಿಯುತ್ತಾರೆ. ನೋಡಬೇಕಾದ್ದು ಬಾಲವನ್ನು. ಡೆಬಿಯನ್ 12ರಲ್ಲಿ ಕೊನೆಗೆ ‘ಡೆಬ್12ಯು3’ ಅಥವಾ ಅದಕ್ಕಿಂತ ಹೊಸದು ಇರಬೇಕು. ಉಬುಂಟು 22.04ರಲ್ಲಿ ‘3ಉಬುಂಟು0.10’ ಅಥವಾ ಅದರ ನಂತರದ್ದು. ಇದು ಗೊತ್ತಿಲ್ಲದ, ತೂತು ಹುಡುಕುವ ಸ್ಕ್ಯಾನರ್ 9.2 ನೋಡಿದ ಕೂಡಲೇ ಕೆಂಪು ಬಣ್ಣದ ವರದಿ ಕೊಡುತ್ತದೆ. ಮ್ಯಾನೇಜರ್ ಗಾಬರಿಯಾಗುತ್ತಾರೆ. ಆಗ ಯಾರಾದರೂ 9.8 ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ ಕೂರಿಸುತ್ತಾರೆ. ದಯವಿಟ್ಟು ಬೇಡ. ಆ ಕ್ಷಣದಿಂದ ಮುಂದಿನ ಎಲ್ಲ ಪ್ಯಾಚ್‌ಗಳ ಹೊಣೆ ನಿಮ್ಮ ತಲೆಗೆ. ಅದರ ಬದಲು ಪ್ಯಾಕೇಜಿನ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ಪಟ್ಟಿ ತೆಗೆದು ಸಿವಿಇ ನಂಬರ್ ಹುಡುಕಿ. ರೆಡ್‌ಹ್ಯಾಟ್‌ನಂತೆ ಆರ್‌ಪಿಎಂ ಪ್ಯಾಕೇಜ್ ಬಳಸುವ ಕಡೆಯೂ ಚೇಂಜ್‌ಲಾಗ್ ನೋಡಬಹುದು. ನಂಬರ್ ಕಂಡರೆ ಅದನ್ನೇ ವರದಿಗೆ ಅಂಟಿಸಿ ಕಳಿಸಿ.

ಉಲ್ಟಾ ತಪ್ಪೂ ನಡೆಯುತ್ತದೆ. ಉಬುಂಟು 20.04ರ 8.2ಪಿ1, ಡೆಬಿಯನ್ 11ರ 8.4ಪಿ1, ರೆಡ್‌ಹ್ಯಾಟ್ 8ರ 8.0ಪಿ1 ಇವುಗಳಲ್ಲಿ ಈ ತೂತು ಇರಲೇ ಇಲ್ಲ. ಹಳೆಯದು ಅಂದ ಮಾತ್ರಕ್ಕೆ ಇದರಿಂದ ಅಪಾಯ ಅಂತ ಅಲ್ಲ. ಹಾಗಂತ ಹಳೆಯದರಲ್ಲೇ ಇರಿ ಎಂದು ನಾನು ಹೇಳುತ್ತಿಲ್ಲ, ಅವುಗಳಿಗೆ ಬೇರೆ ಕಾಯಿಲೆಗಳಿವೆ.

ಎರಡನೆಯದು ರೀಸ್ಟಾರ್ಟ್. ಡಿಸ್ಕ್‌ನಲ್ಲಿ ಫೈಲ್ ಬದಲಾದರೂ ಓಡುತ್ತಿರುವ ಪ್ರೋಸೆಸ್ ಹಳೆಯ ಕೋಡನ್ನೇ ಹಿಡಿದಿರುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ, ಅಲ್ವಾ? ಎಸ್‌ಎಸ್‌ಎಚ್‌ಡಿ ಇದರಲ್ಲಿ ಸ್ವಲ್ಪ ವಿಚಿತ್ರ. ಹಳೆಯ ಆವೃತ್ತಿಗಳಲ್ಲಿ ಅದು ಪ್ರತಿ ಹೊಸ ಸಂಪರ್ಕಕ್ಕೂ ತನ್ನನ್ನೇ ಡಿಸ್ಕ್‌ನಿಂದ ಮತ್ತೆ ಓಡಿಸಿಕೊಳ್ಳುತ್ತದೆ. ಅಂದರೆ ಕಿವಿಗೊಟ್ಟು ಕೂತಿರುವ ತಾಯಿ ಪ್ರೋಸೆಸ್ ಹಳೆಯದು, ಹೊಸ ಸಂಪರ್ಕಕ್ಕೆ ಹುಟ್ಟುವ ಮಗು ಹೊಸದು. ಇಬ್ಬರ ಮಾತು ಹೊಂದದಿದ್ದರೆ? ಆರ್ಚ್ ಲಿನಕ್ಸ್‌ನವರಿಗೆ ಆದದ್ದು ಅದೇ. 9.8ಪಿ1ರಲ್ಲಿ ಎಸ್‌ಎಸ್‌ಎಚ್‌ಡಿಯನ್ನು ಒಡೆದು, ಸಂಪರ್ಕ ನೋಡಿಕೊಳ್ಳುವ ಭಾಗವನ್ನು ಬೇರೆ ಫೈಲ್ ಮಾಡಿದ್ದರು. ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡದೆ ಲಾಗ್‌ಔಟ್ ಆದರೆ ಮತ್ತೆ ಒಳಗೆ ಹೋಗಲು ಆಗುತ್ತಿರಲಿಲ್ಲ. ತೂತಿನ ಜೊತೆ ಬಾಗಿಲೂ ಮುಚ್ಚಿತು! ಆರ್ಚ್ ಅದೇ ದಿನ ಎಚ್ಚರಿಕೆ ಪ್ರಕಟಿಸಿತು.

ಆದ್ದರಿಂದ ನನ್ನ ಕ್ರಮ ಇದು. ಅಪ್‌ಡೇಟ್ ಮಾಡುವಾಗ ಇನ್ನೊಂದು ಲಾಗಿನ್ ತೆರೆದಿಟ್ಟುಕೊಳ್ಳುತ್ತೇನೆ. ಎಸ್‌ಎಸ್‌ಎಚ್‌ಡಿಗೆ ‘ಹೈಫನ್ ಟಿ’ ಕೊಟ್ಟು ಕಾನ್ಫಿಗ್‌ನಲ್ಲಿ ತಪ್ಪಿಲ್ಲ ಎಂದು ನೋಡುತ್ತೇನೆ. ಆಮೇಲೆ ರೀಸ್ಟಾರ್ಟ್. ಈಗಾಗಲೇ ತೆರೆದ ಲಾಗಿನ್‌ಗಳು ಸಾಮಾನ್ಯವಾಗಿ ಕಡಿಯುವುದಿಲ್ಲ, ಪ್ರತಿಯೊಂದೂ ಬೇರೆ ಪ್ರೋಸೆಸ್. ಮೂರನೇ ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿದ ಮೇಲೆಯೇ ಹಳೆಯದನ್ನು ಮುಚ್ಚುತ್ತೇನೆ. ಇಷ್ಟಾದ ಮೇಲೂ ಅದೇ ಯಂತ್ರದಲ್ಲಿ ಬೇರೆ ಪೋರ್ಟ್‌ನಲ್ಲಿ ಇನ್ನೊಂದು ಎಸ್‌ಎಸ್‌ಎಚ್‌ಡಿ ಓಡುತ್ತಿರಬಹುದು, ಯಾರೋ ಕಂಟೇನರ್ ಒಳಗೆ, ಅಂದರೆ ಅದೇ ಯಂತ್ರದಲ್ಲಿ ಬೇರೆಯಾಗಿ ಓಡುವ ಪೆಟ್ಟಿಗೆಯಲ್ಲಿ ಇಟ್ಟಿರಬಹುದು. ಹೋಸ್ಟ್‌ನ ಪ್ಯಾಕೇಜ್ ಮ್ಯಾನೇಜರ್‌ಗೆ ಅವುಗಳ ಸುದ್ದಿಯೇ ಗೊತ್ತಿರುವುದಿಲ್ಲ. ‘ಎಸ್‌ಎಸ್’ ಕಮಾಂಡ್‌ನಿಂದ ಯಾವ ಪೋರ್ಟ್‌ನಲ್ಲಿ ಯಾರು ಕೇಳುತ್ತಿದ್ದಾರೆ ಎಂದು ನೋಡಿ. ಕಂಟೇನರ್ ಆದರೆ ಇಮೇಜ್ ಅನ್ನೇ ಹೊಸದಾಗಿ ಕಟ್ಟಬೇಕು.

ಜುಲೈ ಮೊದಲ ವಾರದಲ್ಲಿ ಪ್ಯಾಚ್ ಹಾಕಿ ಕೈ ತೊಳೆದುಕೊಂಡ ರೆಡ್‌ಹ್ಯಾಟ್ 9ರ ಅಡ್ಮಿನ್‌ಗಳಿಗೆ ಒಂದು ವಾರದಲ್ಲೇ ಮತ್ತೆ ಕೆಲಸ ಬಂತು. ಸೋಲಾರ್ ಡಿಸೈನರ್ ಎಂಬ ಹೆಸರಿನ ಸಂಶೋಧಕ ಮೊದಲ ತೂತನ್ನು ಪರಿಶೀಲಿಸುತ್ತಾ ಪಕ್ಕದಲ್ಲೇ ಇನ್ನೊಂದನ್ನು ಕಂಡರು, ಸಿವಿಇ-2024-6409. ಅದೇ ಅಲಾರಂ, ಅದೇ ಹ್ಯಾಂಡ್ಲರ್, ಆದರೆ ರೂಟ್ ಅಧಿಕಾರ ಇಲ್ಲದ ಪ್ರೋಸೆಸ್‌ನಲ್ಲಿ. ಹಾಗಾಗಿ ಪೆಟ್ಟು ಕಡಿಮೆ.

ಕೊನೆಗೆ, ಪ್ಯಾಚ್ ಹಾಕಲು ಆಗದವರಿಗೆ ಕೊಟ್ಟ ತಾತ್ಕಾಲಿಕ ಮದ್ದಿನ ಬಗ್ಗೆ. ಲಾಗಿನ್‌ಗ್ರೇಸ್‌ಟೈಮ್ ಅನ್ನು 0 ಮಾಡಿ ಎಂದು ಕ್ವಾಲಿಸ್‌ನವರು ಹೇಳಿದ್ದರು. ಅಲಾರಂ ಹೊಡೆಯುವುದೇ ಇಲ್ಲ, ಆದ್ದರಿಂದ ದಾಳಿಯೂ ಇಲ್ಲ. ಅದಕ್ಕೊಂದು ಬೆಲೆ ಇದೆ. ಲಾಗಿನ್ ಆಗದೆ ಸುಮ್ನೆ ಕೂತ ಸಂಪರ್ಕಗಳನ್ನು ಎಸ್‌ಎಸ್‌ಎಚ್‌ಡಿ ಇನ್ನು ಹೊರಹಾಕುವುದಿಲ್ಲ. ಲಾಗಿನ್ ಆಗದ ಸಂಪರ್ಕಗಳು ಒಟ್ಟಿಗೆ ಎಷ್ಟಿರಬಹುದು ಎಂದು ಹೇಳುವ ಮ್ಯಾಕ್ಸ್‌ಸ್ಟಾರ್ಟಪ್ಸ್ ಮಿತಿ ತುಂಬುವಷ್ಟು ಸಂಪರ್ಕ ತೆರೆದಿಟ್ಟರೆ ಸಾಕು, ನೀವೇ ಹೊರಗೆ ಉಳಿಯುತ್ತೀರಿ. ತುರ್ತಿಗೆ ಅದು ಸರಿಯೇ, ರೂಟ್ ಕಳೆದುಕೊಳ್ಳುವುದಕ್ಕಿಂತ ಬಾಗಿಲಲ್ಲಿ ನೂಕುನುಗ್ಗಲು ವಾಸಿ. ಆದರೆ ಪ್ಯಾಚ್ ಬಂದ ಮೇಲೂ ಆ ಸೊನ್ನೆ ಎಷ್ಟೋ ಕಾನ್ಫಿಗ್ ಫೈಲ್‌ಗಳಲ್ಲಿ ಹಾಗೆಯೇ ಉಳಿದುಬಿಡುತ್ತದೆ, ಅದು ಯಾಕಿದೆ ಎಂದು ಪಕ್ಕದಲ್ಲಿ ಒಂದು ಕಾಮೆಂಟ್ ಕೂಡ ಇಲ್ಲದೆ. ನಿಮ್ಮ ಸರ್ವರ್‌ನಲ್ಲಿ ಎಸ್‌ಎಸ್‌ಎಚ್‌ಡಿಗೆ ‘ಹೈಫನ್ ದೊಡ್ಡ ಟಿ’ ಕೊಟ್ಟರೆ ಈಗ ಜಾರಿಯಲ್ಲಿರಬೇಕಾದ ಸೆಟ್ಟಿಂಗ್‌ಗಳೆಲ್ಲ ಬರುತ್ತವೆ. ಅದರಲ್ಲಿ ಲಾಗಿನ್‌ಗ್ರೇಸ್‌ಟೈಮ್ ಹುಡುಕಿ. ಸೊನ್ನೆ ಕಂಡರೆ, ಮೊದಲು ಚೇಂಜ್‌ಲಾಗ್ ನೋಡಿ, ಆಮೇಲೆ 120ಕ್ಕೆ ವಾಪಸ್ ಹಾಕಿ.

ಪ್ರಶ್ನೆಗಳಿದ್ದರೆ ಕೇಳಿ.