ಕೆನೆಬೆಕ್ ದಡದ ಸೂಲಗಿತ್ತಿ

ಕೇಳುಗರೇ, ನಮಸ್ಕಾರ.

ಹಳೇ ಕಾಲದ ಅಮೆರಿಕದ ಹಳ್ಳಿ ಅಂದ ಕೂಡಲೇ ಒಂದು ಮರದ ಮನೆ, ಒಲೆ ಮುಂದೆ ಬೈಬಲ್ ಓದುವ ಅಪ್ಪ, ಸುತ್ತ ಕೂತ ಮಕ್ಕಳು ಕಣ್ಣ ಮುಂದೆ ಬರ್ತಾರೆ, ಅಲ್ವಾ? ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿ ಬರೆದಿಟ್ಟ ದಿನಚರಿಯಲ್ಲಿ ಈ ಚಿತ್ರ ಅಷ್ಟಾಗಿ ಸಿಗುವುದಿಲ್ಲ. ಅಲ್ಲಿರುವುದು ಜಾಸ್ತಿ ಕೆಲಸ, ಸಾಲ, ಮನೆಯೊಳಗಿನ ಕಿರಿಕಿರಿ. ನಡುನಡುವೆ ಒಂದೊಂದು ಸಾಲಿನಲ್ಲಿ ದೇವರು.

ಮಾರ್ಥಾ ಹುಟ್ಟಿದ್ದು 1735ರಲ್ಲಿ, ಮ್ಯಾಸಚೂಸೆಟ್ಸ್‌ನ ಆಕ್ಸ್‌ಫರ್ಡ್ ಊರಿನಲ್ಲಿ. ಗಂಡ ಎಫ್ರೈಮ್ ಭೂಮಿ ಅಳೆಯುತ್ತಿದ್ದ, ಗಿರಣಿಯನ್ನೂ ನಡೆಸುತ್ತಿದ್ದ. ಹೆತ್ತದ್ದು ಒಂಬತ್ತು ಮಕ್ಕಳನ್ನು. 1769ರ ಬೇಸಿಗೆಯಲ್ಲಿ ಊರಿಗೆ ಗಂಟಲಮಾರಿ ಬಂತು. ಮೂರು ವಾರದೊಳಗೆ ಮೂರು ಹೆಣ್ಣುಮಕ್ಕಳು ತೀರಿಕೊಂಡರು. ಆಗ ಮಾರ್ಥಾ ತುಂಬಿದ ಬಸುರಿ. ಒಂದು ತಿಂಗಳಿಗೆ ಮತ್ತೊಂದು ಹೆಣ್ಣು ಹುಟ್ಟಿತು. 1786ರ ಜೂನ್ 17ರಂದು, ಆ ಮೂವರಲ್ಲಿ ಒಬ್ಬಳ ನೆನಪಿನಲ್ಲಿ, ಮಗಳು ಹೋಗಿ ಇವತ್ತಿಗೆ 17 ವರ್ಷ ಎಂದು ದಿನಚರಿಯಲ್ಲಿ ಬರೆದಳು. ಮಗುವಿನ ವಯಸ್ಸನ್ನೂ ಬರೆದಳು, ನಾಲ್ಕು ವರ್ಷ ಮೂರು ತಿಂಗಳು. ತಿಂಗಳನ್ನೂ ಮರೆತಿರಲಿಲ್ಲ ನೋಡಿ.

1777ರಲ್ಲಿ ಕೆನೆಬೆಕ್ ನದಿ ದಡದ ಹ್ಯಾಲೊವೆಲ್‌ಗೆ ಬಂದಳು. ಈಗಿನ ಮೇನ್ ರಾಜ್ಯದ ಊರು ಅದು. 1785ರಿಂದ 1812ರವರೆಗೆ ದಿನಚರಿ ಬರೆದಳು. ಅದರಲ್ಲಿ 816 ಹೆರಿಗೆಗಳ ಲೆಕ್ಕವಿದೆ. ಹೆರಿಗೆಯ ಹೊತ್ತಿನಲ್ಲೇ ಪ್ರಾಣ ಬಿಟ್ಟ ತಾಯಿ ಒಬ್ಬಳೂ ಇಲ್ಲ. ಬಾಣಂತನದಲ್ಲಿ ಐವರು ಹೋದರು.

1789ರ ಏಪ್ರಿಲ್‌ನ ಒಂದು ದಿನದ ಕಥೆ ಕೇಳಿ. ಹೆರಿಗೆಗೆ ಕರೆ ಬಂತು. ಹೊಳೆ ಉಕ್ಕಿ ಹರಿಯುತ್ತಿತ್ತು. ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಕುದುರೆ ಹತ್ತಿದಳು. ಗಾಳಿಗೆ ಒಂದು ದೊಡ್ಡ ಮರ ಕಣ್ಣೆದುರೇ ಬುಡಸಮೇತ ಕಿತ್ತು ಬಿತ್ತು. ಬಿದ್ದ ಮರಗಳನ್ನು ದಾಟಲು ಯಾರೋ ಕೈ ಕೊಟ್ಟರು. ಮುಂದೆ ಹಳ್ಳ ಬಂತು, ಸೇತುವೆಯೇ ಕೊಚ್ಚಿಹೋಗಿತ್ತು. ಕರೆಯಲು ಬಂದಿದ್ದವನು ಲಗಾಮು ಹಿಡಿದು ನೀರಿಗಿಳಿದು ಕುದುರೆಯನ್ನು ದಾಟಿಸಿದ. ದೇವರು ಉಳಿಸಿದ ಎಂದು ಬರೆದಳು, ಅಷ್ಟೇ. ನನಗಂತೂ ದೊಡ್ಡ ಉಪದೇಶಕ್ಕಿಂತ ಈ ಮಾತೇ ಹಿಡಿಸುತ್ತದೆ. ಆಗ ಆಕೆಗೆ 54ರ ಹತ್ತಿರ ಹತ್ತಿರ ವಯಸ್ಸು. ಒಂದು ಹೆರಿಗೆಗೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಆರು ಶಿಲಿಂಗ್.

ಮದುವೆಯಾಗದ ಹೆಣ್ಣು ಹೆರುವಾಗ, ನೋವು ಜೋರಾದ ಹೊತ್ತಿನಲ್ಲೇ ಮಗುವಿನ ಅಪ್ಪ ಯಾರು ಎಂದು ಸೂಲಗಿತ್ತಿ ಕೇಳಬೇಕಿತ್ತು. ಅಂಥ ನೋವಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ. ಕಾನೂನಿನಲ್ಲಿ ಆ ಮಾತಿಗೆ ಬೆಲೆಯೂ ಇತ್ತು. 1791ರಲ್ಲಿ ಸ್ಯಾಲಿ ಪಿಯರ್ಸ್ ಎಂಬ ಹುಡುಗಿಯನ್ನು ಮಾರ್ಥಾ ಹೀಗೇ ಕೇಳಿದಳು. ಬಂದ ಉತ್ತರ ಜೊನಾಥನ್. ಮಾರ್ಥಾಳ ಸ್ವಂತ ಮಗ! ಅದನ್ನೂ ಮುಚ್ಚಿಡದೆ ಬರೆದಳು. ಮರುವರ್ಷ ಸ್ಯಾಲಿ ಸೊಸೆಯಾಗಿ ಬಂದಳು.

ನಿಜವಾದ ಕಷ್ಟ ಇಳಿವಯಸ್ಸಿನಲ್ಲಿ ಬಂತು. ಎಫ್ರೈಮ್ ತೆರಿಗೆ ವಸೂಲಿ ಕೆಲಸ ಒಪ್ಪಿಕೊಂಡಿದ್ದ. ಊರವರಿಂದ ವಸೂಲಾಗದೆ ಉಳಿದ ಬಾಕಿ ಹಣವನ್ನು ತಾನೇ ಕಟ್ಟಲಾಗದೆ 1804ರಲ್ಲಿ ಸಾಲಗಾರರ ಸೆರೆಮನೆಗೆ ಹೋದ, ವರ್ಷಕ್ಕೂ ಮೇಲೆ ಅಲ್ಲೇ ಇದ್ದ. ಆಗ ಆತನಿಗೆ 80ರ ಆಸುಪಾಸು. ಮನೆಯಲ್ಲಿ ಉಳಿದ ಮಾರ್ಥಾಗೆ 70ರ ಹತ್ತಿರ. ಮೇನ್‌ನ ಚಳಿಯಲ್ಲಿ ಸೌದೆ ಇಲ್ಲದಿದ್ದರೆ ಒಲೆಯೂ ಇಲ್ಲ, ಬೆಚ್ಚಗಿನ ಮೂಲೆಯೂ ಇಲ್ಲ. ಕಡಿದು ತರುವವರು ಯಾರು? ಜೊನಾಥನ್, ಸ್ಯಾಲಿ ಮಕ್ಕಳ ಸಮೇತ ಬಂದು ಆ ಮನೆಯಲ್ಲೇ ಉಳಿದರು. ಮಾರ್ಥಾ ಒಂದು ಕೋಣೆಗೆ ಸರಿಯಬೇಕಾಯಿತು. ಜೊನಾಥನ್‌ಗೆ ಮೂಗಿನ ತುದಿಯಲ್ಲೇ ಕೋಪ. ಮನೆ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಿ.

ಇಷ್ಟಾದರೂ ಕರೆದವರ ಮನೆಗೆ ಹೋಗುವುದನ್ನು ಆಕೆ ಬಿಡಲಿಲ್ಲ. 1812ರ ಏಪ್ರಿಲ್ ಕೊನೆಯಲ್ಲೂ ಒಂದು ಹೆರಿಗೆ ಮಾಡಿಸಿದಳು. ಮುಂದಿನ ತಿಂಗಳು ದಿನಚರಿ ನಿಂತಿತು, ಅದೇ ವರ್ಷ ಮಾರ್ಥಾ ತೀರಿಕೊಂಡಳು.

ಮುಂದೆ ಆ ದಿನಚರಿ ಆಕೆಯ ವಂಶದ ಮೇರಿ ಹೊಬಾರ್ಟ್ ಕೈಗೆ ಬಂತು. 1884ರಲ್ಲಿ ವೈದ್ಯಕೀಯ ಪದವಿ ಪಡೆದ ಡಾಕ್ಟರ್ ಆಕೆ. 1930ರಲ್ಲಿ ಅದನ್ನು ಮೇನ್ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟರು. ಪುಟಗಳ ಚಿತ್ರಗಳು ಈಗ ಇಂಟರ್ನೆಟ್‌ನಲ್ಲೂ ಸಿಗುತ್ತವೆ. ಮಾರ್ಥಾ ಮಾತ್ರ ಕಾಗುಣಿತದ ಗೊಡವೆಗೇ ಹೋದವಳಲ್ಲ. ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಿ.

ನಮಸ್ಕಾರ.