ಮೊದಲು ತೋಳು ಕೊಟ್ಟವರು

ಕೇಳುಗರಿಗೆ ನಮಸ್ಕಾರ.

ನಮ್ಮಜ್ಜಿಯ ತೋಳಿನ ಮೇಲೆ ನಾಲ್ಕಾಣೆ ಅಗಲದ ಒಂದು ಕಲೆ ಇತ್ತು. ಕೇಳಿದರೆ "ದಾಕು ಹಾಕಿಸಿದ್ದು ಕಣೋ" ಅನ್ನುತ್ತಿದ್ದರು. ಸಿಡುಬಿನ ಲಸಿಕೆಯ ಗುರುತು ಅದು. ಮನೆಯಲ್ಲಿ ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ ಅದೇ ಅಜ್ಜಿ "ಅಮ್ಮ ಬಂದಿದಾಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಮಾರಮ್ಮನಿಗೆ ತಂಬಿಟ್ಟಿನ ಆರತಿ ಒಯ್ಯುತ್ತಿದ್ದರು. ದಾಕಿಗೂ ಮಾರಮ್ಮನಿಗೂ ಅವರ ಲೆಕ್ಕದಲ್ಲಿ ಜಗಳವೇ ಇರಲಿಲ್ಲ.

2021ರ ಮಳೆಗಾಲದಲ್ಲಿ ನಮ್ಮೂರ ಶಾಲೆಯಲ್ಲಿ ಕೊರೊನಾ ಲಸಿಕೆ ಹಾಕಲು ಬಂದಾಗ ಅಜ್ಜಿ ನೆನಪಾದರು. ಆಶಾ ಕಾರ್ಯಕರ್ತೆ ಮನೆಮನೆ ತಿರುಗುತ್ತಿದ್ದರು. ಜನ ಬೆಳಿಗ್ಗೇನೇ ಬೀಗ ಹಾಕಿ ಹೊಲದ ಕಡೆ ಹೊರಟುಬಿಡುತ್ತಿದ್ದರು. ಎರಡು ವರ್ಷಕ್ಕೆ ಸಾಯ್ತಾರಂತೆ, ಮಕ್ಕಳಾಗಲ್ವಂತೆ. ಇವೆಲ್ಲ ಮೊಬೈಲಿನಲ್ಲಿ ಬಂದ ಮಾತು. ಆದರೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಕೇಳಿದ್ದೇ ಬೇರೆ: "ಜ್ವರ ಬಂದು ಮಲಗಿದ್ರೆ ಎರಡು ದಿನದ ಕೂಲಿ ಯಾರು ಕೊಡ್ತಾರೆ ಸ್ವಾಮಿ?" ಇದನ್ನು ಮೌಢ್ಯ ಅಂತ ತಳ್ಳಿಹಾಕೋಕಾಗುತ್ತಾ? ಪಟ್ಟಣದಲ್ಲಿ ಓದಿದವರೂ ಕೋವಿಶೀಲ್ಡಾ, ಕೋವ್ಯಾಕ್ಸಿನ್ನಾ ಅಂತ ವಾರಗಟ್ಟಲೆ ಕಾದು ಕೂತವರೇ, ಅಲ್ವಾ?

ಜನ ಸೂಜಿಯನ್ನು ನೋಡುವುದಕ್ಕಿಂತ ಜಾಸ್ತಿ, ಮೊದಲು ಯಾರು ಚುಚ್ಚಿಸಿಕೊಂಡರು ಅಂತ ನೋಡುತ್ತಾರೆ. ಮೈಸೂರು ಅರಮನೆಗೆ ಇದು 200 ವರ್ಷದ ಹಿಂದೆಯೇ ಗೊತ್ತಿತ್ತು ಅನ್ನಿಸುತ್ತದೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರಲ್ಲಿ ಬರೆದ ಒಂದು ಚಿತ್ರವಿದೆ. ಅದರಲ್ಲಿ ಮೂವರು ಹೆಂಗಸರು. ಬಲಗಡೆಯ ಹುಡುಗಿ ಸೀರೆಯನ್ನು ಕೈಯಲ್ಲಿ ಹಿಡಿದು ಸರಿಸಿ, ತೋಳು ತೋರಿಸುತ್ತಾ ನಿಂತಿದ್ದಾಳೆ. ಈಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಅಲ್ಲಿ ತೋರಿಸುತ್ತಿರುವುದು ಸಿಡುಬಿನ ಲಸಿಕೆಯ ಜಾಗ ಎಂದು ಚರಿತ್ರೆಕಾರ ನೈಜೆಲ್ ಚಾನ್ಸೆಲರ್ ಹೇಳಿದ್ದಾರೆ. ಆಗ ಸೀಸೆಯಲ್ಲಿ ಮದ್ದು ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಯಾರ ಮಗು, ಯಾವ ಜಾತಿ? ಮಡಿ ಮೈಲಿಗೆಯ ಆ ಕಾಲದಲ್ಲಿ ರಾಣಿಯೇ ತೋಳು ಕೊಟ್ಟಳು ಅಂದರೆ ಸುಮ್ನೆ ಮಾತಲ್ಲ.

ಪ್ಲೇಗಿನ ಕಾಲದ ಕಥೆ ಬೇರೆ. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆ ಮಾಡಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆದರೆ ಅದೇ ವರ್ಷ ಪುಣೆಯಲ್ಲಿ ಸೈನಿಕರು ರೋಗಿಗಳನ್ನು ಹುಡುಕುತ್ತಾ ಅಡುಗೆಮನೆ, ದೇವರಮನೆಗೆಲ್ಲ ನುಗ್ಗಿದರು. ಹೀಗೆ ಬೂಟುಗಾಲಲ್ಲಿ ಬಂದ ಸರ್ಕಾರ ಕೊಡುವ ಸೂಜಿಗೆ ಯಾರು ತಾನೇ ಖುಷಿಯಿಂದ ಕೈ ಚಾಚುತ್ತಾರೆ?

ನಮ್ಮೂರಲ್ಲಿ ಮೊದಲು ತೋಳು ಕೊಟ್ಟವರು ಮಾರಮ್ಮನ ಗುಡಿಯ ಪೂಜಾರಪ್ಪ. ಮಾರನೇ ದಿನ ಅವರು ಪೂಜೆಗೆ ಬರ್ತಾರೋ ಇಲ್ವೋ ಅಂತ ನೋಡಲು ಐದಾರು ಜನ ಗುಡಿ ಹತ್ತಿರ ಸುಳಿದಾಡಿದ್ದರು. ಪೂಜಾರಪ್ಪ ತೋಳು ಉಜ್ಜಿಕೊಳ್ಳುತ್ತಲೇ ಮಂಗಳಾರತಿ ಎತ್ತಿದರು. ಆಮೇಲೆ ಆ ಕೂಲಿಯ ಹೆಂಗಸರೇ ನರ್ಸಮ್ಮನ ಹತ್ತಿರ ಬಂದು ಹೇಳಿದರು: "ಭಾನುವಾರ ಸಂಜೆ ಹಾಕಿ ತಾಯಿ. ಸೋಮವಾರ ಹೇಗೂ ಊರಲ್ಲಿ ಆರು ಕಟ್ಟಲ್ಲ, ಹೊಲದ ಕೆಲಸ ಇರಲ್ಲ, ಜ್ವರ ಬಂದ್ರೆ ಮಲಗ್ತೀವಿ." ಆ ಭಾನುವಾರ ಶಾಲೆಯ ದೀಪ ರಾತ್ರಿ ಎಂಟರವರೆಗೂ ಉರಿಯುತ್ತಿತ್ತು.