ರೇಡಿಯೋ, ಟಿವಿ, ಸಿನಿಮಾ: ಇಂದಿನ ಫ್ರಾನ್ಸನ್ನು ಓದುವ ಬಗೆ

ಕೇಳುಗರಿಗೆ ನಮಸ್ಕಾರ. ವಿಶ್ವವಿದ್ಯಾಲಯಗಳ ಫ್ರೆಂಚ್ ತರಗತಿಗಳಲ್ಲಿ ಈಗ ಕಾದಂಬರಿ, ಕವಿತೆಗಳ ಜೊತೆಗೆ ಸಿನಿಮಾ, ಹಾಡು, ಟಿವಿ ವಾರ್ತೆಗಳೂ ಪಾಠವಾಗುತ್ತಿವೆ. ಒಳ್ಳೆಯದೇ. ಆದರೆ ಕೇಳಿದ್ದನ್ನು, ಕಂಡದ್ದನ್ನು ‘ಸಮಾಜದ ಕನ್ನಡಿ’ ಎಂದು ಬರೆದು ಕೈತೊಳೆದುಕೊಂಡರೆ ಅಂಕವೂ ಹೋಗುತ್ತದೆ, ವಿಷಯವೂ ಕೈತಪ್ಪುತ್ತದೆ.

ಹಾಡನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಖಾಸಗಿ ಎಫ್‌ಎಂ ಕೇಳಿದ ವಿದ್ಯಾರ್ಥಿ, ‘ಫ್ರೆಂಚರಿಗೆ ತಮ್ಮ ಭಾಷೆಯ ಹಾಡೆಂದರೆ ಪ್ರಾಣ’ ಎಂದು ತೀರ್ಮಾನಿಸುತ್ತಾನೆ. ಪ್ರೀತಿ ಇರಬಹುದು, ಕಾನೂನಂತೂ ಇದೆ. 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಶೇ. 40ರಷ್ಟು ಹಾಡುಗಳು ಫ್ರೆಂಚಿನವೋ ಅಲ್ಲಿನ ಪ್ರಾದೇಶಿಕ ಭಾಷೆಗಳವೋ ಆಗಿರಬೇಕು. ಅವುಗಳಲ್ಲಿ ಅರ್ಧ ಹೊಸ ಗಾಯಕರದ್ದೋ ಹೊಸ ಹಾಡೋ ಆಗಿರಬೇಕು. ಲೆಕ್ಕ ಹಿಡಿಯುವುದು ಜನ ಹೆಚ್ಚು ಕೇಳುವ ವೇಳೆಗೆ ಮಾತ್ರ: ವಾರದ ದಿನಗಳಲ್ಲಿ ಬೆಳಗ್ಗೆ 6:30ರಿಂದ ರಾತ್ರಿ 10:30. ಇಲ್ಲವಾದರೆ ಫ್ರೆಂಚ್ ಹಾಡನ್ನೆಲ್ಲ ನಡುರಾತ್ರಿಗೆ ತಳ್ಳಿ ಲೆಕ್ಕ ಒಪ್ಪಿಸಬಹುದಲ್ಲ! ಕೇಂದ್ರಗಳು ಬೇರೆ ಕಿಂಡಿ ಹುಡುಕಿದವು. ಕೆಲವೇ ಹಾಡುಗಳನ್ನು ತಿರುಗಿ ತಿರುಗಿ ಹಾಕಿದವು. ಹಾಗಾಗಿ 2016ರ ತಿದ್ದುಪಡಿ ಬಂತು: ಅತಿ ಹೆಚ್ಚು ಸಲ ಬರುವ ಹತ್ತು ಹಾಡುಗಳೇ ಫ್ರೆಂಚ್ ಪಾಲಿನ ಅರ್ಧವನ್ನು ಮೀರಿದರೆ, ಮೀರಿದ್ದು ಲೆಕ್ಕಕ್ಕಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಅಲ್ಲಿನ ಬೆಳಗಿನ ಒಂದು ಗಂಟೆ, ರಾತ್ರಿ 10:30 ದಾಟಿದ ಮೇಲಿನ ಒಂದು ಗಂಟೆ, ಹೀಗೆ ಮೂರು ದಿನ ಕೇಳಿ. ಹಾಳೆಯಲ್ಲಿ ಐದು ಕಾಲಂ ಸಾಕು: ವೇಳೆ, ಹಾಡು, ಗಾಯಕ, ಭಾಷೆ, ಬಿಡುಗಡೆಯಾದ ವರ್ಷ. ಹಗಲಿಗೂ ರಾತ್ರಿಗೂ ವ್ಯತ್ಯಾಸ ಕಂಡರೆ ಪ್ರಬಂಧಕ್ಕೆ ವಸ್ತು ಸಿಕ್ಕಿತು. ಆದರೆ ಕೇಂದ್ರ ಯಾವ ಬಗೆಯದೆಂದು ಮೊದಲು ನೋಡಿ. ಹಳೆಯ ಹಾಡುಗಳ ಕೇಂದ್ರಕ್ಕೆ ಶೇ. 60, ಯುವಜನರ ಕೇಂದ್ರಕ್ಕೆ ಶೇ. 35ರ ಬೇರೆ ಲೆಕ್ಕವಿದೆ. ಇದನ್ನು ಮರೆತರೆ ಇಡೀ ಹೋಲಿಕೆಯೇ ಹಾಳು.

ಟಿವಿ ವಾರ್ತೆಗೂ ಇದೇ ಶಿಸ್ತು. 1987ರಲ್ಲಿ ಖಾಸಗಿಯಾದ ಟಿಎಫ್1, ಸರ್ಕಾರಿ ಒಡೆತನದ ಫ್ರಾನ್ಸ್ 2, ಎರಡರ ಮುಖ್ಯ ವಾರ್ತೆಯೂ ರಾತ್ರಿ 8ಕ್ಕೆ. ಒಂದೇ ದಿನದ ಎರಡನ್ನೂ ನೋಡಿ. ಮೊದಲ ಸಲ ಸುದ್ದಿಗಳ ಕ್ರಮ ಮತ್ತು ಪ್ರತಿಯೊಂದಕ್ಕೆ ಕೊಟ್ಟ ನಿಮಿಷ. ಎರಡನೆಯ ಸಲ ಮಾತಾಡಿದವರು ಯಾರು, ಮಂತ್ರಿಯೋ ಕಾರ್ಮಿಕ ಸಂಘದವರೋ ದಾರಿಹೋಕರೋ. ಭಾಷೆಯ ಗೊಡವೆ ಮೂರನೆಯ ಸಲಕ್ಕೆ. ಶುರುವಿನಲ್ಲೇ ಪದಕೋಶ ಹಿಡಿದವರು ಎರಡನೇ ಸುದ್ದಿಗೇ ಸುಸ್ತಾಗುತ್ತಾರೆ.

ಸಿನಿಮಾದ ವಿಷಯ ಚುಟುಕಾಗಿ. ವಲಸಿಗ ಕುಟುಂಬಗಳು ಹೆಚ್ಚಾಗಿರುವ ಪ್ಯಾರಿಸ್ ಹೊರವಲಯದ ಬಡ ಬಡಾವಣೆಗಳೆಂದರೆ ಸಾಕು, ಅಲ್ಲಿನ ಯುವಕರ ಕಥೆಯಾದ 1995ರ ‘ಲಾ ಏನ್’ ಚಿತ್ರವನ್ನು ತರಗತಿಯಲ್ಲಿ ಹಾಕಿಬಿಡುವ ರೂಢಿ. ಒಳ್ಳೆಯ ಚಿತ್ರವೇ, ಆದರೆ ಅದೀಗ ಇತಿಹಾಸದ ದಾಖಲೆ, ವರ್ತಮಾನವಲ್ಲ. ಫ್ರಾನ್ಸಿನ ಜನಗಣತಿ ಜನಾಂಗವನ್ನು ಕೇಳುವುದಿಲ್ಲವಾದ್ದರಿಂದ, ಅಂಕಿಅಂಶ ಸಿಗದ ಕಡೆಯಲ್ಲೆಲ್ಲ ಸಿನಿಮಾವನ್ನೇ ಸಾಕ್ಷಿ ಮಾಡುವ ಆಸೆ ಹುಟ್ಟುತ್ತದೆ. ಚಿತ್ರ ಹೇಳುವುದು ನಿರ್ದೇಶಕರ ನೋಟವನ್ನು, ಊರಿನ ಲೆಕ್ಕವನ್ನಲ್ಲ.

ಇಲ್ಲಿಂದಲೇ ಕಲಿಯುವವರು ಗಮನಿಸಿ: ಅಲ್ಲಿನ ರಾತ್ರಿ 8 ಗಂಟೆ ನಮಗೆ ಚಳಿಗಾಲದಲ್ಲಿ 12:30, ಬೇಸಿಗೆಯಲ್ಲಿ 11:30. ಭಾಷೆ ಇನ್ನೂ ಕಷ್ಟವೆನ್ನುವವರಿಗೆ ಫ್ರಾನ್ಸಿನ ಅಂತರರಾಷ್ಟ್ರೀಯ ಬಾನುಲಿ ಆರ್‌ಎಫ್‌ಐಯ ಸರಳ ಫ್ರೆಂಚ್ ವಾರ್ತೆಯಿದೆ; ಹತ್ತೇ ನಿಮಿಷ, ಬರಹರೂಪವೂ ಸಿಗುತ್ತದೆ. ಮೊದಲು ಕೇಳಿ, ಆಮೇಲೆ ಓದಿ. ನಮಸ್ಕಾರ.